ಬಿಸಿಲೂರಿನ ನೆಲದಡಿಯ ನೀರು

ಕರಾವಳಿಯ ಬೇಸಿಗೆ ಬೆವರಿಳಿಸಿದರೆ ವಿಜಯಪುರ, ತಿಕೋಟಾ, ಬಬಲೇಶ್ವರದ ಬೇಸಿಗೆ ಗಂಟಲೊಣಗಿಸುತ್ತದೆ. ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸತಲ್ಲ. ಇಂಥ ನೆಲದಲ್ಲಿ ಆದಿಲ್‌ಶಾಹಿಗಳು ದೊಡ್ಡ ರಾಜಧಾನಿಯನ್ನು ಕಟ್ಟಿ ಉಳಿಸಿಕೊಂಡದ್ದು ಹೇಗೆ?

ಉತ್ತರ ಗೋಲಗುಮ್ಮಟದಲ್ಲಿಲ್ಲ, ನೆಲದಡಿಯಲ್ಲಿದೆ. ಇರಾನಿನ ಮರಳುನಾಡಿನ ಜನ ಕಂಡುಕೊಂಡ ಸುರಂಗ ಕಾಲುವೆಯ ವಿದ್ಯೆಯೇ ಕರೇಜ್. ಅದು ಬೀದರಿಗೂ ಬಂತು, ವಿಜಾಪುರಕ್ಕೂ ಬಂತು. ತಿಕೋಟಾ ದಾರಿಯಲ್ಲಿರುವ ತೊರವಿಯಿಂದ ನಗರಕ್ಕೆ ನೀರು ಸುರಂಗದಲ್ಲಿ ಹರಿಯಿತು. ಇಳಿಜಾರೇ ಅದರ ಬಲ. ಸೂರ್ಯನ ಕಣ್ಣಿಗೆ ಬೀಳದ ನೀರು ಆವಿಯಾಗುವುದೂ ಕಡಿಮೆ. ಊರೊಳಗಿನ ಗಂಜ್ ಎಂಬ ಕಲ್ಲಿನ ಗೋಪುರಗಳು ಮಣ್ಣಿನ ಕೊಳವೆಗಳ ಒತ್ತಡ ತಗ್ಗಿಸಿ, ಹೂಳು ತಡೆಯುತ್ತಿದ್ದವು. 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ, 1651ರ ಬೇಗಂ ತಲಾಬ್ ಒಂದೊಂದೂ ಈ ದಾಹದ ಉತ್ತರವೇ. ಕುಮಟಗಿಯ ಬೇಸಿಗೆ ಅರಮನೆಯಲ್ಲಿ ಸುಲ್ತಾನರು ಕಾರಂಜಿಗಳ ನಡುವೆ ತಂಪು ಕಂಡರು. ಆದರೆ ಬಾವಡಿಯ ತಂಪು ಅರಮನೆಯದಲ್ಲ. ದಾರಿಹೋಕನಿಗೂ ಅಲ್ಲಿ ನೆರಳಿತ್ತು, ನೀರಿತ್ತು.

ಇಂದು ತಿಕೋಟಾ, ಬಬಲೇಶ್ವರದ ಕೆರೆಗಳಿಗೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಬರುತ್ತಿದೆ. ಒಳ್ಳೆಯದೇ. ಆದರೆ ಅದಕ್ಕೆ ವಿದ್ಯುತ್ ಬೇಕು. ಕರೇಜಿಗೆ ಬೇಕಿದ್ದುದು ಇಳಿಜಾರು ಮತ್ತು ವರ್ಷ ವರ್ಷದ ಹೂಳೆತ್ತುವಿಕೆ. ತೊರವಿಯ ಸುರಂಗ ಬಾವಡಿಯೂ ಸೇರಿದಂತೆ ದಖ್ಖನಿನ ನೀರಿನ ವ್ಯವಸ್ಥೆಗಳನ್ನು ವಿಶ್ವ ಸ್ಮಾರಕ ನಿಧಿ ತನ್ನ 2020ರ ಗಮನಾರ್ಹ ತಾಣಗಳ ಪಟ್ಟಿಗೆ ಸೇರಿಸಿತು. ಹೊರಗಿನವರು ಗುರುತಿಸಿದ್ದನ್ನು ನಾವು ಕಸ ಸುರಿಯುವ ಗುಂಡಿ ಮಾಡಿಕೊಂಡರೆ ಬಿಸಿಲನ್ನು ದೂರಿ ಫಲವೇನು?