ಲೀಲಾವತಿಯ ಯಾವ ಕಥೆಯನ್ನು ಮಗಳಿಗೆ ಹೇಳೋಣ?



ಡಿಸೆಂಬರ್ 22 ಶ್ರೀನಿವಾಸ ರಾಮಾನುಜನ್ನರ ಜನ್ಮದಿನ. 2012ರಿಂದ ಅದನ್ನು ರಾಷ್ಟ್ರೀಯ ಗಣಿತ ದಿನವೆಂದು ಆಚರಿಸುತ್ತಿದ್ದೇವೆ. ಆ ದಿನ ಶಾಲೆಯ ಗೋಡೆಯ ಮೇಲೆ ಏರುವ ಚಿತ್ರಗಳನ್ನು ನೆನಪಿಸಿಕೊಳ್ಳಿ: ಆರ್ಯಭಟ, ಬ್ರಹ್ಮಗುಪ್ತ, ಭಾಸ್ಕರ, ರಾಮಾನುಜನ್. ಸೇವೆಯ ಕೊನೆಯ ವರ್ಷಗಳಲ್ಲಿ ನಾನೂ ಇದೇ ಸಾಲನ್ನು ನಿಲ್ಲಿಸಿದವನು. ಹೆಣ್ಣಿನ ಹೆಸರು ಬೇಕೆನಿಸಿದಾಗ ನಾವು ಆಶ್ರಯಿಸುತ್ತಿದ್ದುದು ಲೀಲಾವತಿಯನ್ನು. ಆದರೆ ಅವಳ ಬಗ್ಗೆ ನಾವು ಹೇಳುತ್ತಿದ್ದ ಕಥೆ ಯಾವುದು?

ಭಾಸ್ಕರಾಚಾರ್ಯನು ಮಗಳ ಮದುವೆಯ ಮುಹೂರ್ತವನ್ನು ಗುಣಿಸಿ ಗಳಿಗೆ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟ. ಕುತೂಹಲದಿಂದ ಬಗ್ಗಿ ನೋಡಿದ ಹುಡುಗಿಯ ಒಡವೆಯಿಂದ ಮುತ್ತೊಂದು ಜಾರಿ ಬಟ್ಟಲಿನ ರಂಧ್ರವನ್ನು ಮುಚ್ಚಿತು. ಮುಹೂರ್ತ ಮೀರಿತು, ಮದುವೆ ನಿಂತಿತು. ಮಗಳನ್ನು ಸಂತೈಸಲು ತಂದೆ ಅವಳ ಹೆಸರಿನಲ್ಲಿ ಗ್ರಂಥ ಬರೆದ. ಇದನ್ನು ಎಷ್ಟು ತರಗತಿಗಳಲ್ಲಿ ಎಷ್ಟು ರಸವತ್ತಾಗಿ ಹೇಳಿದ್ದೇನೋ ಲೆಕ್ಕವಿಲ್ಲ. ಕಥೆಯ ಕೊನೆಯಲ್ಲಿ ಹುಡುಗಿಯರು ಮೌನವಾಗುತ್ತಿದ್ದರು. ಅದನ್ನು ಮೆಚ್ಚುಗೆ ಎಂದು ನಾನು ತಿಳಿದಿದ್ದೆ.

ಈ ಕಥೆ ಭಾಸ್ಕರನ ಗ್ರಂಥದಲ್ಲಿ ಇಲ್ಲ. ಅವನು ಹುಟ್ಟಿದ್ದು 1114ರಲ್ಲಿ, ಬರೆದದ್ದು 1150ರಲ್ಲಿ. ಕಥೆ ಬರುವುದು ಅಕ್ಬರನ ಆಸ್ಥಾನಕವಿ ಫೈಜಿಯು 1587ರಲ್ಲಿ ಮಾಡಿದ ಪಾರಸಿ ಅನುವಾದದ ಪೀಠಿಕೆಯಲ್ಲಿ. ನಡುವೆ ನಾಲ್ಕು ಶತಮಾನಗಳಿಗೂ ಮಿಕ್ಕ ಅಂತರವಿದೆ. ಮೂಲದಲ್ಲಿ ಲೀಲಾವತಿ ಅಳುವುದಿಲ್ಲ. ಬುದ್ಧಿವಂತೆಯೆಂದು ಅವಳನ್ನು ಕರೆದು ಆಚಾರ್ಯನು ಮೊದಲಿಗೇ 2, 5, 32, 193, 18, 10, 100 ಇವುಗಳನ್ನು ಕೂಡಿಸಿ, ಮೊತ್ತವನ್ನು 10,000ದಿಂದ ಕಳೆದು ಹೇಳೆನ್ನುತ್ತಾನೆ. ಮುಂದೆ ಎಳೆಜಿಂಕೆಯ ಕಣ್ಣಿನವಳಿಗೆ 135ನ್ನು 12ರಿಂದ ಗುಣಿಸುವ ಕೆಲಸ. ಗ್ರಂಥದುದ್ದಕ್ಕೂ ಮಿತ್ರ, ಗಣಕ ಎಂಬ ಪುರುಷ ಸಂಬೋಧನೆಗಳೂ ಇವೆ. ಅವಳು ನಿಜಕ್ಕೂ ಮಗಳೋ, ಪತ್ನಿಯೋ, ಕವಿಕಲ್ಪನೆಯೋ ಎಂಬುದು ವಿದ್ವಾಂಸರ ಚರ್ಚೆ. (ಭಾಸ್ಕರನ ಊರು ವಿಜಾಪುರವೋ ಮಹಾರಾಷ್ಟ್ರದ ಚಾಳೀಸಗಾಂವದ ಬಳಿಯ ಪಾಟಣವೋ ಎಂಬ ವ್ಯಾಜ್ಯವೂ ಮುಗಿದಿಲ್ಲ. ಗಡಿಯವರ ಪಾಡೇ ಹಾಗೆ.) ಹನ್ನೆರಡನೆಯ ಶತಮಾನದ ಒಬ್ಬ ಪಂಡಿತನಿಗೆ ಲೆಕ್ಕವನ್ನು ಹೆಣ್ಣಿನ ಮುಂದೆ ಇಡುವುದು ಅಸಹಜವೆನಿಸಲಿಲ್ಲ ಎಂಬುದಂತೂ ಪುಟಪುಟದಲ್ಲಿ ಕಾಣುತ್ತದೆ. ನಾವು ಆ ಹುಡುಗಿಯನ್ನು ಬಿಟ್ಟು, ಮುತ್ತು ಬೀಳಿಸಿಕೊಂಡ ನತದೃಷ್ಟೆಯನ್ನು ಆರಿಸಿಕೊಂಡೆವು.

ಲೀಲಾವತಿಯ ನಂತರ ನಾವು ನೆಗೆಯುವುದು ನೇರವಾಗಿ ಶಕುಂತಲಾದೇವಿಯವರಿಗೆ. ಬೆಂಗಳೂರಿನಲ್ಲಿ ಹುಟ್ಟಿದ, ಕ್ರಮವಾದ ಶಾಲಾಶಿಕ್ಷಣವಿಲ್ಲದ ಆ ಮಹಿಳೆ 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದರು. ಗೌರವಕ್ಕೆ ಕೊರತೆಯಿಲ್ಲ. ಆದರೆ ನನ್ನ ಅನುಭವದಲ್ಲಿ ವಿಸ್ಮಯವು ಮಾದರಿಯಾಗುವುದಿಲ್ಲ. ಮಗು ಬಾಯಿ ತೆರೆದು ನೋಡಿ, ಅದು ದೈವದತ್ತ, ನನಗೆ ಸಾಧ್ಯವಿಲ್ಲ ಎಂದು ಪುಸ್ತಕ ಮುಚ್ಚುತ್ತದೆ. ನಮಗೆ ಬೇಕಾದವರು ಶಾಲೆಗೆ ಹೋದವರು, ಪರೀಕ್ಷೆ ಬರೆದವರು.

ರಾಜೇಶ್ವರಿ ಚಟರ್ಜಿ ಅಂಥವರು. 1922ರಲ್ಲಿ ಹಳೆಯ ಮೈಸೂರು ಸೀಮೆಯಲ್ಲಿ ಹುಟ್ಟಿದ ಕನ್ನಡದ ಹೆಣ್ಣುಮಗಳು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ ಮತ್ತು ಪರಿತ್ಯಕ್ತೆಯರ ಶಿಕ್ಷಣಕ್ಕಾಗಿ ದುಡಿದವರು. ಅಜ್ಜಿ ಸ್ಥಾಪಿಸಿದ ಶಾಲೆಯಲ್ಲಿಯೇ ಮೊಮ್ಮಗಳು ಅಕ್ಷರ ಕಲಿತಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಬಿ.ಎಸ್‌ಸಿ. ಆನರ್ಸ್, ಅನಂತರ ಎಂ.ಎಸ್‌ಸಿ.; ಎರಡರಲ್ಲಿಯೂ ಮೊದಲ ಸ್ಥಾನ. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಬಳಿಕ ಸರಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯ, 1953ರಲ್ಲಿ ಡಾಕ್ಟರೇಟ್. ಹಿಂತಿರುಗಿ ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ, ಮೈಕ್ರೋವೇವ್ ಮತ್ತು ಆಂಟೆನಾ ವಿಷಯಗಳನ್ನು ದಶಕಗಳ ಕಾಲ ಕಲಿಸಿದರು. ಅವರ ಮಗಳೂ ವಿದ್ಯುತ್ ಎಂಜಿನಿಯರಿಂಗಿನ ಪ್ರಾಧ್ಯಾಪಕಿಯಾದರು. ಈ ಸರಪಣಿಯ ಮೊದಲ ಕೊಂಡಿ ಗಣಿತಜ್ಞೆಯಲ್ಲ ಎಂಬುದನ್ನು ಗಮನಿಸಿ. ಓದಿದ ಒಬ್ಬ ಅಜ್ಜಿ, ಅಷ್ಟೆ.

"ಇವಳು ಭಾಷೆಯಲ್ಲಿ ಚುರುಕು ಮಾಸ್ಟ್ರೇ, ಲೆಕ್ಕ ಇವಳದ್ದಲ್ಲ" ಎಂದು ರಕ್ಷಕರ ಸಭೆಯಲ್ಲಿ ತಾಯಂದಿರೇ ಹೇಳುವುದನ್ನು ಕೇಳಿ ನನ್ನ ಕಿವಿ ತೂತಾಗಿದೆ. ಕನ್ನಡ ಎಂ.ಎ. ಮಾಡಿದ ನಾನೂ ತಲೆದೂಗಿದ್ದುಂಟು. ಅಂಥವರಿಗೆ ಟಿ.ಎ. ಸರಸ್ವತಿ ಅಮ್ಮನವರನ್ನು ತೋರಿಸಬೇಕಿತ್ತು. 1918ರಲ್ಲಿ ಪಾಲಕ್ಕಾಡಿನ ಚೆರ್ಪುಳಶ್ಶೇರಿಯಲ್ಲಿ ಹುಟ್ಟಿದ ಈ ಕೇರಳದ ವಿದುಷಿ ಗಣಿತವನ್ನೂ ಸಂಸ್ಕೃತವನ್ನೂ ಓದಿದರು. ಎರಡನ್ನೂ ಬಲ್ಲವರಿಗೆ ಮಾತ್ರ ತೆರೆಯುವ ಶುಲ್ಬಸೂತ್ರಗಳನ್ನು, ಜೈನ ಗ್ರಂಥಗಳನ್ನು, ಭಾಸ್ಕರನನ್ನು, ಕೇರಳದ ಗಣಿತ ಪರಂಪರೆಯನ್ನು ಶೋಧಿಸಿ ಪ್ರಾಚೀನ ಹಾಗೂ ಮಧ್ಯಯುಗದ ಭಾರತದ ರೇಖಾಗಣಿತವನ್ನು ಕುರಿತು 1979ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಆಕರ.

ಕನ್ನಡದಲ್ಲಿಯೂ ಇಂಥದೇ ಕೆಲಸವಾಗಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ಬರೆದ. ಗಣಿತಕ್ಕೆ ಮನ್ನಣೆಯಿರುವ ವಿದ್ಯೆಗಳನ್ನು ಪಟ್ಟಿಮಾಡುವಾಗ ಸಂಗೀತ, ನಾಟಕ, ವೈದ್ಯ, ವಾಸ್ತುಗಳ ಜೊತೆಗೆ ಪಾಕಶಾಸ್ತ್ರವನ್ನೂ ಸೇರಿಸಿದ ಪುಣ್ಯಾತ್ಮ. ಅಡುಗೆಮನೆಯವಳಿಗೆ ಲೆಕ್ಕವೇಕೆ ಎನ್ನುವವರು ಇದನ್ನು ಓದಬೇಕು. ಈ ಗ್ರಂಥವನ್ನು ಕನ್ನಡಕ್ಕೆ ತಂದು, ಟಿಪ್ಪಣಿಗಳೊಡನೆ 2000ದಲ್ಲಿ ಹೊಂಬುಜದಿಂದ ಪ್ರಕಟವಾಗುವಂತೆ ಮಾಡಿದವರು ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಡಾ. ಪದ್ಮಾವತಮ್ಮ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಬಂಧುಗಳಿಗೆ ಮಂಗಲಾ ನಾರಳೀಕರರ ನೆನಪಿರಬಹುದು. ಮದುವೆ, ಮಕ್ಕಳು, ಸಂಸಾರ ಎಲ್ಲವೂ ಆದ ಮೇಲೆ 1981ರಲ್ಲಿ ಸಂಖ್ಯಾಸಿದ್ಧಾಂತದಲ್ಲಿ ಪಿಎಚ್.ಡಿ. ಪಡೆದವರು. ಅವರ ಮುಂದಾಳ್ತನದ ಪಠ್ಯಸಮಿತಿಯು 2019ರಲ್ಲಿ ಎರಡನೆಯ ತರಗತಿಯ ಮರಾಠಿ ಗಣಿತ ಪುಸ್ತಕದಲ್ಲಿ 'ಏಕವೀಸ'ದ ಬದಿಗೆ 'ವೀಸ ಏಕ' ಎಂದು ಇಟ್ಟಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವೆದ್ದಿತು. ಅವರ ಉದ್ದೇಶ ಸರಳವಾಗಿತ್ತು: ಮಗು ಸಂಖ್ಯೆಯನ್ನು ಬರೆಯುವ ಕ್ರಮದಲ್ಲಿಯೇ ಉಚ್ಚರಿಸಲಿ. ಕನ್ನಡದ ಮಗುವಿಗೆ ಈ ಅನುಕೂಲ ಹುಟ್ಟಿನಿಂದಲೇ ಉಂಟು. ಇಪ್ಪತ್ತು, ಅದರ ಮೇಲೊಂದು: ಇಪ್ಪತ್ತೊಂದು. ಮನೆಯ ಮಾತು ಲೆಕ್ಕಕ್ಕೆ ಅಡ್ಡಿಯೆಂದು ಹೆದರುವ ಹೆತ್ತವರು ಇದನ್ನು ಗಮನಿಸಬೇಕು.

ಶಾಲೆ ನಡೆಸಿದವನಾದ್ದರಿಂದ ನನ್ನನ್ನು ಹೆಚ್ಚು ಕಾಡಿದ ಪ್ರಸಂಗ ಮಾತ್ರ ದೂರದ ತೆಹರಾನಿನದು. 2014ರಲ್ಲಿ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ ಮರಿಯಂ ಮಿರ್ಜಾಖಾನಿ ಪಾರಸಿ ಮಾತಿನ ಶಾಲೆಯಲ್ಲಿ ಕಲಿತವರು. ಮಾಧ್ಯಮಿಕ ಶಾಲೆಯ ಮೊದಲ ವರ್ಷ ಅವರಿಗೆ ಗಣಿತ ಚೆನ್ನಾಗಿ ಬರುತ್ತಿರಲಿಲ್ಲ. ಶಿಕ್ಷಕಿಗೂ ಅವರಲ್ಲಿ ಪ್ರತಿಭೆ ಕಾಣಲಿಲ್ಲ. ಮರುವರ್ಷದ ಶಿಕ್ಷಕಿ ಹುರಿದುಂಬಿಸಿದರು. ಮುಂದೆ ಹುಡುಗರ ಶಾಲೆಯಲ್ಲಿರುವಂಥ ಸಮಸ್ಯಾಪೂರಣದ ತರಗತಿ ತಮಗೂ ಬೇಕೆಂದು ಗೆಳತಿಯೊಡನೆ ಹೋಗಿ ಕೇಳಿದಾಗ ಪ್ರಾಂಶುಪಾಲೆ ಅದನ್ನು ಏರ್ಪಡಿಸಿಯೇ ಬಿಟ್ಟರು. ಇರಾನಿನ ಒಲಿಂಪಿಯಾಡ್ ತಂಡದಲ್ಲಿ ಅದುವರೆಗೆ ಹುಡುಗಿಯೇ ಇರಲಿಲ್ಲ ಎಂಬ ಮಾತು ಆಕೆಯನ್ನು ತಡೆಯಲಿಲ್ಲ. 1994 ಮತ್ತು 1995ರಲ್ಲಿ ಮರಿಯಂಗೆ ಚಿನ್ನದ ಪದಕಗಳು ಬಂದವು.

ಪ್ರಾಂಶುಪಾಲೆ ಹಾಗೆ ಮಾಡಿದರು. ನಾನೇನು ಮಾಡಿದೆ?

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನಾಗ ಹತ್ತನೆಯ ತರಗತಿಯ ಕ್ಲಾಸ್ ಟೀಚರ್. ಆ ವರ್ಷ ನಮ್ಮ ಶಾಲೆಯ ಕನ್ನಡ ಮಾಧ್ಯಮಕ್ಕೆ ಗಣಿತ ಕಲಿಸಲು ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ಅವರ ತಪ್ಪೂ ಅಲ್ಲ, ನೇಮಿಸಿದ ಕಡೆ ಬಂದಿದ್ದರು. ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತ ಮಗುವಿನ ಮಾತೃಭಾಷೆಯನ್ನು ನೆನೆಯುವುದು ಪ್ರಾಥಮಿಕ ಹಂತದವರೆಗೆ ಮಾತ್ರ. ಮುಂದಿನ ಮೆಟ್ಟಿಲುಗಳನ್ನು ನಾವೇ ಹುಡುಕಿಕೊಳ್ಳಬೇಕು. ತರಗತಿಯ ಒಬ್ಬ ಹುಡುಗಿ ಹಳೆಯ ವಿದ್ಯಾರ್ಥಿಗಳ ನೋಟ್‌ಬುಕ್ಕುಗಳನ್ನು ಎರವಲು ತಂದು ತಾನೇ ಕಲಿತು, ಗಣಿತದಲ್ಲಿ ತರಗತಿಗೇ ಹೆಚ್ಚು ಅಂಕ ಪಡೆದಳು. ಪ್ಲಸ್ ಒನ್ನಿಗೆ ಯಾವುದು ಸರಿ ಎಂದು ಅವಳ ತಂದೆ ಬಂದು ಕೇಳಿದರು. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ, ಬುನಾದಿ ಹೀಗಿದೆ, ಕಷ್ಟಪಟ್ಟಾಳು, ಹ್ಯುಮ್ಯಾನಿಟೀಸ್ ಸಾಕು ಎಂದೆ. ಅದೇ ವಾರ, ಅವಳಿಗಿಂತ ಕಡಿಮೆ ಅಂಕ ಬಂದಿದ್ದ ಹುಡುಗನ ತಂದೆಗೆ, ಸಯನ್ಸಿಗೆ ಹಾಕಿ, ಗಂಡುಮಗ, ಹೇಗೋ ಈಜಿಯಾನು ಎಂದೂ ಹೇಳಿದೆ. ಎರಡು ಮಾತುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲು ನನಗೆ ಅನೇಕ ವರ್ಷ ಹಿಡಿಯಿತು.

ಕಳೆದ ವರ್ಷ ಮದುವೆಯೊಂದರಲ್ಲಿ ಅವಳು ಸಿಕ್ಕಳು. ಮಗಳು ಕನ್ನಡ ಶಾಲೆಯ ಎಂಟನೆಯ ತರಗತಿ. ರಾತ್ರಿ ಕೂತು ಬೀಜಗಣಿತ ಹೇಳಿಕೊಡುವವಳು ತಾಯಿಯೇ. ಊಟವಾದ ಮೇಲೆ ಹತ್ತಿರ ಬಂದು ಕೇಳಿದಳು: "ಸರ್, ಆಗ ಸಯನ್ಸ್ ಬೇಡವೆಂದಿರಲ್ಲ, ನನಗೆ ಲೆಕ್ಕ ಬರುವುದಿಲ್ಲವೆಂದೋ?"

ಅಲ್ಲ, ಕನ್ನಡ ಬಲ್ಲ ಗಣಿತದ ಟೀಚರ್ ಇರಲಿಲ್ಲ, ನನಗೆ ಧೈರ್ಯವೂ ಇರಲಿಲ್ಲ ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ದಿನ ನಾನೇ ದಡ್ಡಿಯೆಂದುಕೊಂಡಿದ್ದೆ" ಎಂದಳು.