ರೋಮನರ ಕೃಷಿಶಾಸ್ತ್ರದಲ್ಲಿ ಕುಕ್ಕುಟಪಾಲನೆ

ಕ್ರಿ. ಶ. ೧ನೆಯ ಶತಮಾನದ ರೋಮನ್ ಗ್ರಂಥಕಾರನಾದ ಕೊಲುಮೆಲ್ಲನು ಸ್ಪೇನ್ ದೇಶದ ಗಾಡಿಸ್ ಪಟ್ಟಣದಲ್ಲಿ ಹುಟ್ಟಿದವನು. ಲ್ಯಾಟಿನ್ ಭಾಷೆಯಲ್ಲಿ ಆತನು ರಚಿಸಿದ ಕೃಷಿಗ್ರಂಥದ ೮ನೆಯ ಪುಸ್ತಕದಲ್ಲಿ ಕೋಳಿಗಳ ಪೋಷಣಕ್ರಮವು ಸವಿಸ್ತಾರವಾಗಿ ನಿರೂಪಿತವಾಗಿದೆ. ಒಬ್ಬ ಪಾಲಕನಿಗೆ ೨೦೦ ಕೋಳಿಗಳೇ ಮಿತಿ. ಗೂಡು ಚಳಿಗಾಲದ ಸೂರ್ಯೋದಯದ ದಿಕ್ಕಿಗೆ ಅಭಿಮುಖವಾಗಿರಬೇಕು. ಅರೆಬೆಂದ ಜವೆಗೋಧಿಯನ್ನು ತಿನ್ನಿಸಿದರೆ ಮೊಟ್ಟೆಗಳು ದೊಡ್ಡವಾಗುವುವು, ಮೇಲಿಂದ ಮೇಲೆ ದೊರೆಯುವುವು ಎಂಬಿವು ಅವನ ವಿಧಿಗಳು.

ಇವೆಲ್ಲಕ್ಕಿಂತಲೂ ವಿಚಾರಾರ್ಹವಾದುದು ಅವನ ಕಾಲನಿರ್ದೇಶವು. ಹಗಲು ಅತ್ಯಂತ ಕಿರಿದಾಗಿರುವ ಅಯನಸಂಧಿಯು ಕಳೆದ ಬಳಿಕ ಹೇಂಟೆಗಳು ಮೊಟ್ಟೆಯಿಡತೊಡಗುವುವೆಂದೂ, ಬೆಚ್ಚನೆಯ ಸೀಮೆಗಳಲ್ಲಿ ಜನವರಿಯ ಮೊದಲಿನಲ್ಲಿಯೂ ಚಳಿಯ ಸೀಮೆಗಳಲ್ಲಿ ಆ ತಿಂಗಳ ನಡುವಣ ದಿನಗಳು ಕಳೆದ ಮೇಲೆಯೂ ಇದು ಆರಂಭವಾಗುವುದೆಂದೂ ಆತನು ಬರೆದಿರುವನು. ಇಲ್ಲಿ ಉಷ್ಣವನ್ನೇ ಹೇತುವೆಂದು ಭಾವಿಸಿದಂತೆ ತೋರುತ್ತದೆ. ಆದರೆ ಮುಖ್ಯಕಾರಣವು ಹಗಲಿನ ವೃದ್ಧಿಯೆಂಬುದು ೨೦ನೆಯ ಶತಮಾನದ ಶೋಧನೆಗಳಿಂದ ಸ್ಥಿರಪಟ್ಟಿತು. ಬೆಳಕು ಮೆದುಳನ್ನು ಪ್ರಚೋದಿಸಿ, ತನ್ಮೂಲಕ ಅಂಡಾಶಯವನ್ನು ಕಾರ್ಯಪ್ರವೃತ್ತವಾಗಿಸುತ್ತದೆ. ಆದುದರಿಂದಲೇ ಈಗಿನ ಪಾಲಕರು ದೀಪಗಳನ್ನಿಟ್ಟು ದಿನಕ್ಕೆ ಸುಮಾರು ೧೬ ಗಂಟೆಗಳ ಬೆಳಕನ್ನೊದಗಿಸುವರು.

ಹೀಗೆ ಹೇತುವು ಬೇರೆಯಾದರೂ ಪ್ರತ್ಯಕ್ಷವು ಬಾಧಿತವಾಗಲಿಲ್ಲ. ಪ್ರಾಚೀನ ಶಾಸ್ತ್ರಗಳನ್ನು ಪರೀಕ್ಷಿಸುವವರು ಕಂಡುದನ್ನೂ ಊಹಿಸಿದುದನ್ನೂ ಬೇರ್ಪಡಿಸಿ ನೋಡುವುದು ಯುಕ್ತವು. ಊಹೆಯು ಬಿದ್ದಿತೆಂದು ಕಂಡುದನ್ನೂ ತೊರೆಯಲಾಗದು.