ಮುಂಬೈ ತೇಗದ ದೋಣಿ, ವೈಜಾಗ್‌ನ ನಾವಿಕೆ

ವೈಜಾಗ್ ಪಕ್ಕದ ಅನಕಾಪಲ್ಲಿಯಲ್ಲಿ ಕೂತು ಇವತ್ತು ಸಮುದ್ರದ ಇತಿಹಾಸ ಹೇಳ್ತೀನಿ. ಕ್ಲಿಪ್ಪರ್ ರೇಸ್ ಅಂದ್ರೆ ಹಾಯಿದೋಣಿಯಲ್ಲಿ ಭೂಮಿ ಸುತ್ತೋ ಸ್ಪರ್ಧೆ. ಮೊದಲು ನಡೆದದ್ದು 1996ರಲ್ಲಿ. ಕ್ಯಾಪ್ಟನ್ ವೃತ್ತಿಪರ, ಉಳಿದವರಲ್ಲಿ ಹೆಚ್ಚಿನವರು ನಮ್ಮಂಥವರೇ, ದುಡ್ಡು ಕಟ್ಟಿ, ತರಬೇತಿ ಪಡೆದು ದೋಣಿ ಹತ್ತುತ್ತಾರೆ.

ಇದನ್ನು ಶುರುಮಾಡಿದ ರಾಬಿನ್ ನಾಕ್ಸ್-ಜಾನ್‌ಸ್ಟನ್, ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದ ಮೊದಲಿಗರು. 312 ದಿನ ಹಿಡಿದ ಆ ಯಾನ ಮುಗಿದದ್ದು 1969ರಲ್ಲಿ. ಅವರ ‘ಸುಹೈಲಿ’ ದೋಣಿ ಎಲ್ಲಿಯದು ಗೊತ್ತಾ? ಮುಂಬೈಯಲ್ಲಿ ತೇಗದಿಂದ ಕಟ್ಟಿದ್ದು!

2017ರಲ್ಲಿ ಗೋವಾದಿಂದ ‘ತಾರಿಣಿ’ ಹೊರಟಿತು. ಅದು ರೇಸ್ ಅಲ್ಲ, ನೌಕಾಪಡೆಯ ಯಾನ. 254 ದಿನಗಳಲ್ಲಿ ಭೂಮಿ ಸುತ್ತಿ ಬಂದ ಆರು ಮಹಿಳಾ ಅಧಿಕಾರಿಗಳಲ್ಲಿ ವೈಜಾಗ್‌ನ ಪಿ. ಸ್ವಾತಿಯೂ ಒಬ್ಬರು. ಆ ದೋಣಿಯನ್ನು ಕಟ್ಟಿದ್ದೂ ಗೋವಾದಲ್ಲೇ.

ದೋಣಿ ಕಟ್ಟೋರೂ ಇದ್ದಾರೆ, ನಡೆಸೋರೂ ಇದ್ದಾರೆ. ಸಮವಸ್ತ್ರ ಇಲ್ಲದ ನಮ್ಮಂಥವರು ಸಮುದ್ರಕ್ಕಿಳಿಯೋದು ಯಾವಾಗ?